ಒಂದೇ ರಾತ್ರಿಯ ಕೆಲಸವೇ?

ಪತ್ತೇದಾರಿ ಕಾದಂಬರಿ ಒಂದು ರಾತ್ರಿಯ ಕೆಲಸ, ಬರೆಯುವವನಿಗೆ ಓದೂ ಬೇಡ, ಊರೂ ಬೇಡ ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಸಾಕ್ಷ್ಯ ಮಾತ್ರ ಕೊಟ್ಟಿಲ್ಲ.

ನಮ್ಮ ಸಿದ್ದಾಪುರದಲ್ಲೊಂದು ಕೊಲೆ ಬರೆದು ನೋಡಲಿ. ಆಸಾಡಿ ಮಳೆಗೆ ಹೆಜ್ಜೆಗುರುತು ಗಳಿಗೆಯೂ ನಿಲ್ಲದು. ಬಾಳೆಬರೆ ಘಾಟಿಯಲ್ಲಿ ಗುಡ್ಡ ಕುಸಿಯಿತೋ, ಹೊಸನಗರಕ್ಕೆ ಪರಾರಿಯಾಗಬೇಕಿದ್ದ ಆರೋಪಿ ಹೊಸಂಗಡಿಯಲ್ಲೇ ಬಾಕಿ. ಇಡೀ ಕಥೆಯನ್ನು ಕೊನೆಯಿಂದ ಬಿಚ್ಚಿ ಮತ್ತೆ ಹೆಣೆಯಬೇಕು. ಕಾನೂನೂ ನಿಂತಲ್ಲಿ ನಿಲ್ಲುವುದಿಲ್ಲ. 2024ರ ಜುಲೈ 1ರಿಂದೀಚೆಗೆ ನಡೆಯುವ ಕೊಲೆಗೆ ಸೆಕ್ಷನ್ 302 ಅಲ್ಲ, ಭಾರತೀಯ ನ್ಯಾಯ ಸಂಹಿತೆಯ 103. ವಿಮರ್ಶಕರು ತಪ್ಪಿದರೆ ಕೇಳುವವರಿಲ್ಲ. ಪತ್ತೇದಾರಿ ಬರೆಯುವ ನಾವು ತಪ್ಪಿದರೆ ಓದುಗ ಪುಟಸಂಖ್ಯೆ ಸಮೇತ ಹಿಡಿಯುತ್ತಾನೆ.

ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯ ಓದಿದ್ದು ನಾಲ್ಕನೇ ತರಗತಿ, ಬರೆದದ್ದು ಐನೂರರ ಆಸುಪಾಸು ಕಾದಂಬರಿ. ಆ ವೇಗವೇ ದೋಷವಂತೆ! ಬರವಣಿಗೆಯಿಂದಲೇ ಒಲೆ ಉರಿಯಬೇಕಾದವನಿಗೆ ನಿಧಾನ ಎಂಬುದು ದುಬಾರಿ ಚಟ. ಇನ್ನು ಪತ್ತೇದಾರಿ ಬರೆದ ಕೈಗೆ ಬೇರೇನೂ ಬಾರದು ಎಂಬ ಮಾತು. 1972ರಲ್ಲಿ ರಾಜ್‌ಕುಮಾರ್ ಚಿತ್ರವಾದ 'ಬಂಗಾರದ ಮನುಷ್ಯ' ಪತ್ತೇದಾರಿ ಲೇಖಕ ಟಿ.ಕೆ. ರಾಮರಾಯರ ಕಾದಂಬರಿ.

ಲೇಖಕರು ಮೊದಲು ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಒಂದು ಸಾಹಸವನ್ನಾದರೂ ಪೂರ್ತಿ ಓದಲಿ.