ಕೆಂಪು ಶಾಯಿಯ ಗೀಟು

ನಮ್ಮ ಮನೆಯ ಕಪಾಟಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ರಟ್ಟಿನ ಮೇಲೆ ಇವರ ದುಂಡಕ್ಷರದಲ್ಲಿ 'ಕುರ್ಸುರಾ' ಎಂದು ಬರೆದಿದೆ. ಒಳಗೆ 41 ಹೆಸರುಗಳು, ಅವರವರ ಊರು, ಫೋನ್ ನಂಬರು. ಅದರಲ್ಲಿ 11 ಹೆಸರುಗಳ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಎಳೆದಿದೆ. ಅವರು ತೀರಿಕೊಂಡವರು. ಇಪ್ಪತ್ತೈದು ವರ್ಷಗಳಿಂದ ಮಕ್ಕಳ ಪುಸ್ತಕಗಳ ಮೇಲೆ ಕೆಂಪು ಶಾಯಿ ಸುರಿದವಳು ನಾನು. ಗೀಟು ಎಳೆದರೆ ಪಕ್ಕದಲ್ಲಿ ಏನಾದರೂ ಬರೆಯಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಈ ಗೀಟುಗಳ ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಕುರ್ಸುರಾ ಎಂದರೆ ನಮ್ಮ ನೌಕಾಪಡೆಯ ಒಂದು ಜಲಾಂತರ್ಗಾಮಿ. 1969ರ ಡಿಸೆಂಬರಿನಲ್ಲಿ ಆಗಿನ ಸೋವಿಯತ್ ಒಕ್ಕೂಟದ ರೀಗಾದಲ್ಲಿ ಸೇವೆಗೆ ಸೇರಿತು, 2001ರಲ್ಲಿ ನಿವೃತ್ತಿಯಾಯಿತು. 2002ರಿಂದ ವಿಶಾಖಪಟ್ಟಣದ ರಾಮಕೃಷ್ಣ ಬೀಚಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಪ್ರವಾಸಕ್ಕೆ ಹೋದಾಗ ನಿಮ್ಮಲ್ಲಿ ಕೆಲವರಾದರೂ ಟಿಕೆಟು ಕೊಂಡು ಒಳಗೆ ಹೋಗಿ ಬಂದಿರುತ್ತೀರಿ. ಉದ್ದ 91 ಮೀಟರು, ಒಳಗೆ ಏಳು ವಿಭಾಗ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಗುಂಡನೆಯ ಬಾಗಿಲಲ್ಲಿ ಬಗ್ಗಿ ನುಸುಳಬೇಕು. ಮೂರು ಡೀಸೆಲ್ ಎಂಜಿನು, 22 ಟಾರ್ಪಿಡೊ. ಇವುಗಳ ನಡುವೆ ಉಳಿದ ಸಂದಿಯಲ್ಲಿ 75 ಗಂಡಸರು ವಾರಗಟ್ಟಲೆ ಬದುಕುತ್ತಿದ್ದರು. ಸ್ನಾನದ ಮಾತು ಬಿಡಿ, ಮುಖ ತೊಳೆಯುವ ನೀರಿಗೂ ಅಳತೆ. ಒಬ್ಬ ಪಾಳಿಗೆ ಎದ್ದುಹೋದ ಹಾಸಿಗೆಯಲ್ಲಿ ಇನ್ನೊಬ್ಬ ಬಂದು ಮಲಗುತ್ತಿದ್ದ. ಇವರು ಮನೆಗೆ ಬಂದಾಗ ಬಟ್ಟೆಯ ಡೀಸೆಲ್ ವಾಸನೆ ಮೂರು ಬಕೆಟ್ ನೀರಿಗೂ ಹೋಗುತ್ತಿರಲಿಲ್ಲ. ಹಾಗೆ ಬದುಕಿದವರು ಒಬ್ಬರನ್ನೊಬ್ಬರು ಸಾಯುವತನಕ ಮರೆಯುವುದಿಲ್ಲ ಎಂದರೆ ನಾನು ನಂಬುತ್ತೇನೆ.

ಮೊದಲು ನಂಬುತ್ತಿರಲಿಲ್ಲ ಅನ್ನಿ. ಇವರು ಹದಿನೈದು ವರ್ಷದ ಸೇವೆ ಮುಗಿಸಿ 1998ರಲ್ಲಿ ಊರಿಗೆ ಬಂದು ಬ್ಯಾಂಕಿನಲ್ಲಿ ಗುಮಾಸ್ತರಾದರು. ಆಮೇಲೆ ಪ್ರತಿ ಡಿಸೆಂಬರ್ 8ಕ್ಕೆ ಇವರ ಹಳೆಯ ಜೊತೆಗಾರರ ಕೂಟ. 1967ರಲ್ಲಿ ಅದೇ ದಿನ ನಮ್ಮ ದೇಶದ ಮೊದಲ ಜಲಾಂತರ್ಗಾಮಿ 'ಕಲ್ವರಿ' ಸೇವೆಗೆ ಸೇರಿತ್ತು. ಒಂದು ವರ್ಷ ವಿಶಾಖಪಟ್ಟಣ, ಒಂದು ವರ್ಷ ಕೊಚ್ಚಿ, ಒಂದು ವರ್ಷ ಬೆಳಗಾವಿ. ಮಗನ ಕಾಲೇಜಿನ ಫೀಸು ಕಟ್ಟಬೇಕಾದ ತಿಂಗಳಲ್ಲೇ ರೈಲಿನ ಟಿಕೆಟೂ ಬರುತ್ತಿತ್ತು. 'ಗಂಡಸರ ಗುಂಡಿನ ಗೋಷ್ಠಿ' ಎಂದು ನಾನು ಹಂಗಿಸಿದ್ದೂ ಉಂಟು. ಆದರೆ ಒಬ್ಬರಿಗೆ ಹೃದಯದ ಶಸ್ತ್ರಚಿಕಿತ್ಸೆ ಎಂದಾಗ ಒಂದೇ ವಾರದಲ್ಲಿ ಹಣ ಕೂಡಿಸಿ ಆಸ್ಪತ್ರೆಯ ಮುಂದೆ ಸರದಿಯಲ್ಲಿ ಕುಳಿತವರು ಇವರೇ. ಇನ್ನೊಬ್ಬರ ಮಗ ಮನೆ ಬಿಟ್ಟು ಓಡಿಹೋದಾಗ ಮುಂಬೈಯಲ್ಲಿ ಹುಡುಕಿ ತಂದವರೂ ಇವರೇ. ಒಡಹುಟ್ಟಿದವರು ಮಾಡದ್ದನ್ನು ಇವರು ಮಾಡಿದ್ದಾರೆ. ಇಷ್ಟನ್ನು ಒಪ್ಪಿಕೊಂಡ ಮೇಲೆಯೇ ನಾನು ಜಗಳಕ್ಕೆ ನಿಂತಿದ್ದು.

1991ರಲ್ಲಿ ಮದುವೆಯಾಗಿ ವಿಶಾಖಪಟ್ಟಣದ ಕ್ವಾರ್ಟರ್ಸಿಗೆ ಹೋದೆ. ಹಡಗು ಹೊರಡುವಾಗ ಎಲ್ಲಿಗೆ, ಎಷ್ಟು ದಿನ ಎಂದು ಕೇಳುವ ಹಾಗಿಲ್ಲ. ಇವರು ಚೀಲ ಹೆಗಲಿಗೆ ಹಾಕಿಕೊಂಡು 'ಬರ್ತೀನಿ' ಎಂದರೆ ಅಷ್ಟೇ. ಕಾಗದವಿಲ್ಲ, ಫೋನಿಲ್ಲ. ಮೂರು ಮಹಡಿಯ ಆ ಕಟ್ಟಡದಲ್ಲಿ ಒಂದೇ ಮೆಟ್ಟಿಲಿಗೆ ಹೊಂದಿಕೊಂಡಂತೆ ಆರು ಮನೆ. ಕೇರಳದವಳೊಬ್ಬಳು, ಒರಿಸ್ಸಾದವಳೊಬ್ಬಳು, ಬಿಹಾರದವರಿಬ್ಬರು, ಗದಗಿನ ಕಡೆಯ ಒಬ್ಬ ಹುಡುಗಿ, ನಾನು. ಯಾರ ಮನೆಯಲ್ಲಿ ಹಾಲು ಕಡಿಮೆ ಬಂತು, ಯಾರ ಮಗುವಿಗೆ ಜ್ವರ, ಯಾರ ಮನೆಗೆ ಮನಿಯಾರ್ಡರು ಬಂದಿಲ್ಲ ಎಲ್ಲವೂ ಎಲ್ಲರಿಗೂ ಗೊತ್ತಿರುತ್ತಿತ್ತು. ಗಂಡಸರು ನೀರಿನ ಕೆಳಗೆ ಇರುವಾಗ ದಡದ ಮೇಲೆ ನಡೆಯುತ್ತಿದ್ದ ಹಡಗು ನಮ್ಮದು.

1993ರ ಅಕ್ಟೋಬರಿನಲ್ಲಿ ನನಗೆ ನೋವು ಶುರುವಾದಾಗ ರಾತ್ರಿ ಎರಡು ಗಂಟೆ. ಇವರು ಸಮುದ್ರದಲ್ಲಿ. ಕೇರಳದವಳು ಆಟೋ ಹುಡುಕಿ ತಂದಳು. ಗದಗಿನವಳು ನನ್ನನ್ನು ತೊಡೆಯ ಮೇಲೆ ಒರಗಿಸಿಕೊಂಡು ನೌಕಾಪಡೆಯ ಆಸ್ಪತ್ರೆಗೆ ಕರೆತಂದಳು. ನನ್ನಮ್ಮನಿಗೆ ಆರೋಗ್ಯ ಸರಿಯಿರಲಿಲ್ಲ, ಬರಲಾಗಲಿಲ್ಲ. ಒಂದು ತಿಂಗಳು ನನ್ನ ಬಾಣಂತನ ಮಾಡಿದ್ದು ಆ ಹುಡುಗಿ. ಅವಳಿಗಾಗ ಇಪ್ಪತ್ತೊಂದೋ ಇಪ್ಪತ್ತೆರಡೋ. ಅಳವಿ ಪಾಯಸ, ಅಂಟಿನುಂಡಿ, ಎರಡು ಹೊತ್ತು ಎಣ್ಣೆನೀರು. ಮಗ ಹುಟ್ಟಿದ ಹತ್ತೊಂಬತ್ತನೆಯ ದಿನ ಇವರು ಬಾಗಿಲಲ್ಲಿ ಬಂದು ನಿಂತಾಗ ಮಗುವನ್ನು ಇವರ ಕೈಗೆ ಕೊಟ್ಟವಳೂ ಅವಳೇ.

2022ರ ಡಿಸೆಂಬರಿನಲ್ಲಿ ಕೂಟ ವಿಶಾಖಪಟ್ಟಣದಲ್ಲಿತ್ತು. ಹಳೆಯ ಊರು ನೋಡುವ ಆಸೆಯಿಂದ ನಾನೂ ಹೊರಟೆ. ಹೆಂಗಸರಿಗೆ ಆಹ್ವಾನ ಇಲ್ಲವೆಂದಲ್ಲ, ಊಟಕ್ಕೆ ಇರುತ್ತದೆ. ಸಭೆಯಲ್ಲಿ ಅಗಲಿದವರ ಹೆಸರುಗಳನ್ನು ಓದಿ ಎರಡು ನಿಮಿಷ ಮೌನ ನಿಂತರು. ಆ ಹೆಸರುಗಳಲ್ಲಿ ಗದಗಿನವಳ ಗಂಡನ ಹೆಸರು ಕೇಳಿ ನನ್ನ ಕಾಲು ತಣ್ಣಗಾಯಿತು. ತೀರಿಕೊಂಡದ್ದು 2021ರ ಫೆಬ್ರವರಿಯಲ್ಲಂತೆ. 22 ತಿಂಗಳಾಗಿತ್ತು! ಯಾರೋ ಯಾರಿಗೋ ಹೇಳಿದರು, ಯಾರೋ ಪಟ್ಟಿಯಲ್ಲಿ ಗೀಟು ಎಳೆದರು. 'ಅವಳು ಹೇಗಿದ್ದಾಳೆ?' ಎಂದು ಕೇಳಿದೆ. ಮೂವತ್ತು ಜನರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಟ್ಟಿಯಲ್ಲಿದ್ದದ್ದು ಸತ್ತವನ ನಂಬರು. ಅದು ಬಂದ್ ಆಗಿತ್ತು. ಅವಳ ಹೆಸರೂ ಅನೇಕರಿಗೆ ನೆನಪಿರಲಿಲ್ಲ.

ನನ್ನ ತಪ್ಪನ್ನೂ ಬರೆಯಬೇಕಲ್ಲ. ಅವಳ ನಂಬರು ನನ್ನ ಹಳೆಯ ಅಡುಗೆ ಪುಸ್ತಕದ ಹಿಂದಿನ ಪುಟದಲ್ಲಿತ್ತು. ಕೊರೋನಾ, ಆಮೇಲೆ ಮಗನ ಮದುವೆ, ಆಮೇಲೆ ಶಾಲೆಯ ಪರೀಕ್ಷೆ ಎನ್ನುತ್ತ ಎರಡು ದೀಪಾವಳಿ ಮಾತಾಡಿಸದೆ ಕಳೆದಿದ್ದೆ. ನನ್ನ ಬಾಣಂತನ ಮಾಡಿದವಳನ್ನು!

ಊರಿಗೆ ಬಂದ ರಾತ್ರಿಯೇ ಫೋನು ಮಾಡಿದೆ. 'ಯಾರಿಗೆ ಹೇಳಲಿ ಅಕ್ಕಾ?' ಎಂದಳು. 'ಅವರ ಫೋನಿನ್ಯಾಗ ಎಲ್ಲಾರ ಹೆಸರೂ ಇಂಗ್ಲಿಷಿನ್ಯಾಗ ಇದ್ವು. ಅವೂ ಅಡ್ಡಹೆಸರು. ಟಾರ್ಪಿಡೊ ಅಂತ, ದಾದಾ ಅಂತ. ಯಾರು ಅಂತ ನನಗೇನು ತಿಳೀತದ? ಮುಂದ ರೀಚಾರ್ಜ್ ಇಲ್ದ ಫೋನೂ ಬಂದಾತು.' ಕುಟುಂಬ ಪಿಂಚಣಿ ಒಂದು ತಿಂಗಳದ್ದೂ ಬಂದಿರಲಿಲ್ಲ. ಸೇವಾ ದಾಖಲೆಯಲ್ಲಿ ಇದ್ದದ್ದು ಮದುವೆಯಲ್ಲಿ ಅತ್ತೆಮನೆಯವರು ಇಟ್ಟ ಹೆಸರು, ಆಧಾರ್ ಕಾರ್ಡಿನಲ್ಲಿದ್ದದ್ದು ತವರಿನ ಹೆಸರು. ಇಬ್ಬರೂ ಒಬ್ಬಳೇ ಎಂದು ನಂಬಿಸಲು ಅವಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಿದ್ದಳು. ಹೊಟ್ಟೆಪಾಡಿಗೆ ಜಂಪರು ಹೊಲಿಗೆ.

ನಮ್ಮ ಪಟ್ಟಿಯಲ್ಲೇ ಒಬ್ಬರಿದ್ದಾರೆ. ಸೇವೆಯ ಕೊನೆಯ ವರ್ಷಗಳಲ್ಲಿ ದಫ್ತರದ ಕೆಲಸ ಮಾಡಿದವರು. ಯಾವ ಕಾಗದ ಎಲ್ಲಿಗೆ ಹೋಗಬೇಕು, ಯಾವ ಪ್ರಮಾಣಪತ್ರದಲ್ಲಿ ಯಾವ ವಾಕ್ಯ ಇರಬೇಕು ಅವರಿಗೆ ಬಾಯಿಪಾಠ. ವಿಷಯ ತಿಳಿದ ಮೇಲೆ ಅವರೇ ಗದಗಿಗೆ ಹೋಗಿ ಬಂದರು. ಐದು ತಿಂಗಳಲ್ಲಿ ಬಾಕಿಯೂ ಸೇರಿ ಹಣ ಬಂತು. ಇದು 2021ರಲ್ಲೇ ಆಗಬಹುದಿತ್ತಲ್ಲ?

ಹೀಗೆಂದು ಕೇಳಿದಾಗ ಕೂಟದ ಹಿರಿಯರೊಬ್ಬರು ನನಗೆ ಕೊಟ್ಟ ಉತ್ತರವನ್ನು ಇದ್ದ ಹಾಗೇ ಬರೆಯುತ್ತೇನೆ. 'ನೋಡಿ ಮೇಡಂ, ಇದು ಕ್ರೂ ಕೂಟ, ಫ್ಯಾಮಿಲಿ ಕೂಟ ಅಲ್ಲ. ಗಂಡ ಹೋದ ಹೆಂಗಸಿನ ಮನೆಗೆ ಗಂಡಸರು ಫೋನು ಮಾಡೋದು ಚೆನ್ನಾಗಿರುತ್ತಾ? ನಾಲ್ಕು ಜನ ಏನಂತಾರೆ?'

ಚೆನ್ನಾಗಿರುವುದಿಲ್ಲವಂತೆ! ಅವನು ಮಲಗಿ ಎದ್ದ ಹಾಸಿಗೆಯಲ್ಲಿ ಮಲಗಿದವರು, ಅವನು ಬಿಟ್ಟ ಉಸಿರನ್ನೇ ಎಳೆದುಕೊಂಡವರು, ಅವನ ಹೆಂಡತಿ ಕಳಿಸಿದ ಶೇಂಗಾ ಹೋಳಿಗೆಯನ್ನು ಪಾಲು ಮಾಡಿ ತಿಂದವರು. ಅವನು ಸತ್ತ ಮರುದಿನ ಆ ಮನೆಯ ಬಾಗಿಲು ಇವರಿಗೆ ಪರಕೀಯವಾಗಿಬಿಟ್ಟಿತು. ಗೌರವ ಎಂದು ಇವರು ಕರೆಯುವುದು ಗೌರವವಲ್ಲ, ಅನುಕೂಲ. ಅಷ್ಟು ಸಂಕೋಚವಿದ್ದರೆ ನಿಮ್ಮ ಹೆಂಡತಿಯ ಕೈಗೆ ಫೋನು ಕೊಡಿ, ಅವಳು ಮಾತಾಡುತ್ತಾಳೆ. ಆದರೆ ಅವಳ ಹೆಸರನ್ನೂ ನೀವು ಪಟ್ಟಿಯಲ್ಲಿ ಬರೆದಿಲ್ಲವಲ್ಲ. ಇನ್ನು 'ಕ್ರೂ' ಯಾರು ಎಂಬ ಪ್ರಶ್ನೆ. ಆ ಕಬ್ಬಿಣದ ಕೊಳವೆಯೊಳಗೆ 75 ಜನ ನಿಶ್ಚಿಂತೆಯಿಂದ ತಮ್ಮ ತಮ್ಮ ಪಾಳಿ ಮಾಡಿದ್ದು ಹೇಗೆ? ಮೇಲೆ ನಾವಿದ್ದೆವು ಎಂಬ ಧೈರ್ಯದಿಂದಲೇ ಅಲ್ಲವೇ? 31 ವರ್ಷದಲ್ಲಿ ಕುರ್ಸುರಾ 73,500 ನಾಟಿಕಲ್ ಮೈಲಿ ಓಡಿತು ಎಂದು ಹೆಮ್ಮೆಯಿಂದ ಹೇಳುತ್ತಾರೆ. ಆ ಮೈಲಿಗಳಲ್ಲಿ ನಮ್ಮ ಪಾಲು ಎಷ್ಟು ಎಂದು ಯಾರಾದರೂ ಅಳೆದಿದ್ದಾರೆಯೇ?

2000ದ ಆಗಸ್ಟಿನಲ್ಲಿ ರಷ್ಯದ 'ಕುರ್ಸ್ಕ್' ಎಂಬ ಅಣು ಜಲಾಂತರ್ಗಾಮಿ ಬ್ಯಾರೆಂಟ್ಸ್ ಸಮುದ್ರದಲ್ಲಿ ಮುಳುಗಿ 118 ಜನ ಸತ್ತರು. ಆ ವಾರ ಇವರು ಊಟ ಸರಿಯಾಗಿ ಮಾಡಲಿಲ್ಲ. ದೇಶ ಯಾವುದಾದರೂ ನೀರಿನ ಕೆಳಗಿನವರೆಲ್ಲ ಒಂದೇ ಜಾತಿ. ಸ್ಫೋಟದ ನಂತರ ಹಿಂಭಾಗದ ಒಂಬತ್ತನೆಯ ವಿಭಾಗದಲ್ಲಿ 23 ಜನ ಕೆಲಕಾಲ ಬದುಕಿದ್ದರು. ಅವರಲ್ಲಿ ದಿಮಿತ್ರಿ ಕೊಲೆಸ್ನಿಕೋವ್ ಎಂಬ ಯುವ ಅಧಿಕಾರಿ ಒಂದು ಚೀಟಿ ಬರೆದಿಟ್ಟಿದ್ದ. ಅಕ್ಟೋಬರಿನಲ್ಲಿ ಅವನ ಶವದ ಜೊತೆ ಅದು ಸಿಕ್ಕಿತು. ಅದರಲ್ಲಿ ತನ್ನ ಜೊತೆಗಿದ್ದವರ ಹೆಸರುಗಳನ್ನೆಲ್ಲ ಪಟ್ಟಿ ಮಾಡಿದ್ದ. ಹೆಂಡತಿಗೂ ನಾಲ್ಕು ಮಾತು ಬರೆದಿದ್ದ. ಕತ್ತಲೆಯಲ್ಲಿ, ಉಸಿರು ಮುಗಿಯುತ್ತಿರುವಾಗ, ಜೊತೆಗಾರರೂ ಹೆಂಡತಿಯೂ ಅವನಿಗೆ ಒಂದೇ ಕಾಗದದಲ್ಲಿ ಹಿಡಿಸಿದ್ದರು. ನಮ್ಮವರಿಗೆ ನೂರು ಪುಟದ ನೋಟ್‌ಬುಕ್ಕಿನಲ್ಲಿ ಜಾಗವಿಲ್ಲ.

ಅಮೆರಿಕದಲ್ಲಿ 1960ರಲ್ಲೇ ಜಲಾಂತರ್ಗಾಮಿ ಅಧಿಕಾರಿಗಳ ಹೆಂಡತಿಯರು ಸೇರಿ ಆ ಪಡೆಯವರ ಮಕ್ಕಳ ಓದಿಗೆ ಒಂದು ವಿದ್ಯಾರ್ಥಿವೇತನ ನಿಧಿ ಕಟ್ಟಿದರು. ಹೆಂಗಸರಿಗೆ ಇಂಥದ್ದು ಆಗುವುದಿಲ್ಲ ಎನ್ನುವವರಿಗೆ ಇಷ್ಟು ಸಾಕು. ನಾನು ನಿಧಿ ಕೇಳುತ್ತಿಲ್ಲ. ಇನ್ನೊಂದು ಅಂಕಣ ಕೇಳುತ್ತಿದ್ದೇನೆ.

ಕೊನೆಗೆ ನಾನೇ ಒಂದು ಹೊಸ ಪುಸ್ತಕ ಕೊಂಡೆ, ಇನ್ನೂರು ಪುಟದ್ದು. ಹಾಜರಿ ಪುಸ್ತಕಕ್ಕೆ ಗೆರೆ ಹಾಕುವಂತೆ ಗೆರೆ ಹಾಕಿದೆ. ಅವರ ಹೆಸರು, ಅವಳ ಹೆಸರು, ಅವಳ ನಂಬರು, ದಾಖಲೆಯಲ್ಲಿ ಅವಳ ಹೆಸರು ಹೇಗಿದೆ, ಜಂಟಿ ಫೋಟೋ ಇದೆಯೋ ಇಲ್ಲವೋ. ಎಲ್ಲ ಮನೆಗೂ ಕಾರ್ಡು ಬರೆದೆ, ವಿಳಾಸದಲ್ಲಿ ಹೆಂಡತಿಯ ಹೆಸರೇ. ಹೆಸರು ಗೊತ್ತಿಲ್ಲದ ಮನೆಗೆ ಫೋನು ಮಾಡಿ ಕೇಳಿದೆ. ಮೂವರು ಗಂಡಸರು 'ಅದೆಲ್ಲ ಯಾಕೆ, ನನ್ನ ನಂಬರು ಇದೆಯಲ್ಲ' ಎಂದರು. 'ನೀವು ಇಲ್ಲವಾದಾಗ ಬೇಕಾಗುತ್ತದೆ' ಎಂದೆ. ಒಬ್ಬರು ಸಿಟ್ಟಾಗಿ ಫೋನು ಇಟ್ಟರು. ಅರ್ಧ ಗಂಟೆಯಲ್ಲಿ ಅವರ ಹೆಂಡತಿಯೇ ಫೋನು ಮಾಡಿ ಹೆಸರು ಬರೆಸಿದಳು. ಈತನಕ 26 ಮನೆಗಳಾಗಿವೆ. ದಾಖಲೆಯಲ್ಲಿ ಹೆಸರು ತಪ್ಪಾಗಿರುವುದು ನಾಲ್ಕು ಮನೆಗಳಲ್ಲಿ. ಅದರಲ್ಲಿ ಒಂದು ನಮ್ಮದೇ; ನನ್ನ ಹೆಸರಿನ ಕೊನೆಯ ಅಕ್ಷರ ಬಿಟ್ಟುಹೋಗಿದೆ. ಇವರು ಅರ್ಜಿ ಬರೆಯುತ್ತ ಕೂತಿದ್ದಾರೆ.

ಈ ಸಲದ ಕೂಟ ಬೆಳಗಾವಿಯಲ್ಲಿ. ಗದಗಿನವಳಿಗೆ ಹೇಳಿದೆ. ಮೊದಲು 'ನಾ ಬಂದು ಏನ್ಮಾಡಲಿ ಅಕ್ಕಾ' ಎಂದಳು. ಎರಡು ದಿನ ಬಿಟ್ಟು ಅವಳೇ ಫೋನು ಮಾಡಿದಳು. ಶೇಂಗಾ ಹೋಳಿಗೆ ಎಷ್ಟು ಜನಕ್ಕೆ ಮಾಡಲಿ ಎಂದು ಕೇಳಿದಳು.