ಪ್ರಯೋಗಾಲಯದ ಇಲಿಗೂ ಅದನ್ನು ಬಲ್ಲ ವೈದ್ಯರು ಬೇಕು

ಪ್ರಯೋಗಪ್ರಾಣಿ ವೈದ್ಯವು ಪಶುವೈದ್ಯಶಾಸ್ತ್ರದೊಳಗಿನ ಪ್ರತ್ಯೇಕ ವಿದ್ಯೆ. ಔಷಧ, ಲಸಿಕೆಗಳ ಪರೀಕ್ಷೆಗೆ ಬಳಸುವ ಇಲಿ, ಚಿಟ್ಟಿಲಿ, ಗಿನಿಪಿಗ್, ಮೊಲಗಳ ಆರೋಗ್ಯ, ನೋವು, ವಸತಿ, ಕೊನೆಗೆ ಸಾವು ಕೂಡ ಅದರ ವ್ಯಾಪ್ತಿಗೆ ಬರುತ್ತವೆ. ಐದೂವರೆ ವರ್ಷದ ಪಶುವೈದ್ಯ ಪದವಿಯ ಹೆಚ್ಚಿನ ಪಾಲು ಹಸು, ಎಮ್ಮೆ, ಕುರಿ, ಕೋಳಿ, ನಾಯಿಗಳಿಗೆ ಸಲ್ಲುತ್ತದೆ. ನಾಡಿನ ಅಗತ್ಯವೂ ಅದೇ. ಆದರೆ ಆ ಕಲಿಕೆಯೊಂದನ್ನೇ ನಂಬಿ ಪ್ರಾಣಿಗೃಹವನ್ನು ನಡೆಸಲಾಗದು.

ಕೆಚ್ಚಲು ಬಾವು ಬಂದ ಹಸುವನ್ನು ಉಳಿಸುವ ಪೆನ್ಸಿಲಿನ್ ಗಿನಿಪಿಗ್‌ನ ಜೀವ ತೆಗೆಯಬಲ್ಲದು. ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಬೆಳೆಯುತ್ತದೆ. ಇಪ್ಪತ್ತೈದು ಗ್ರಾಂ ತೂಗುವ ಚಿಟ್ಟಿಲಿಗೆ ಅರಿವಳಿಕೆ ಕೊಟ್ಟರೆ ಮೈ ಬೇಗನೆ ತಣ್ಣಗಾಗುತ್ತದೆ. ಬಿಸಿ ಕೊಡುವ ವ್ಯವಸ್ಥೆಯಿಲ್ಲದಿದ್ದರೆ ಶಸ್ತ್ರಕ್ರಿಯೆ ಚೆನ್ನಾಗಿ ನಡೆದರೂ ಪ್ರಾಣಿ ಉಳಿಯದು. ಹದ್ದು, ಬೆಕ್ಕುಗಳ ಬಾಯಿಗೆ ಬೀಳುವ ಜೀವವಾದ್ದರಿಂದ ಅದು ನೋವನ್ನು ತೋರಗೊಡುವುದೂ ಕಡಿಮೆ. ಕಣ್ಣು ಕಿರಿದಾಗುವುದು, ಕಿವಿಯ ನಿಲುವು ಬದಲಾಗುವುದು ಮುಂತಾದ ಸೂಕ್ಷ್ಮ ಗುರುತುಗಳನ್ನು ಅಳೆಯುವ ಕ್ರಮವೇ ಪ್ರಕಟವಾದದ್ದು 2010ರಲ್ಲಿ. ಇದನ್ನು ಪುಸ್ತಕದಿಂದಷ್ಟೇ ಕಲಿಯಲಾಗದು, ಪಂಜರದ ಮುಂದೆ ತಿಂಗಳುಗಟ್ಟಲೆ ಕೂರಬೇಕು.

ಭಾರತದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಅದರಡಿಯ 1998ರ ನಿಯಮಗಳು ಈ ಪ್ರಯೋಗಗಳನ್ನು ನಿಯಂತ್ರಿಸುತ್ತವೆ. ಪ್ರತಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಪಶುವೈದ್ಯರಿಗೆ ಸ್ಥಾನವಿದೆ. ಸ್ಥಾನವನ್ನು ಕಾನೂನು ಕೊಟ್ಟಿತು, ಅಲ್ಲಿ ಕೂತು ಆಡಬೇಕಾದ ಮಾತನ್ನು ತರಬೇತಿಯೇ ಕೊಡಬೇಕು. 1959ರಲ್ಲಿ ರಸೆಲ್ ಮತ್ತು ಬರ್ಚ್ ಮೂರು ಸೂತ್ರ ಮುಂದಿಟ್ಟರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ವಿಧಾನ, ಇಲ್ಲವಾದರೆ ಕಡಿಮೆ ಪ್ರಾಣಿ, ಕಡಿಮೆ ನೋವು. ಅರವತ್ತು ಇಲಿ ಕೇಳಿದ ವಿಜ್ಞಾನಿಗೆ ನಲವತ್ತು ಸಾಕೆನ್ನಲು ಕರುಣೆಯೊಂದೇ ಸಾಲದು, ಸಂಖ್ಯಾಶಾಸ್ತ್ರ ಗೊತ್ತಿರಬೇಕು.

ಅಮೆರಿಕದಲ್ಲಿ ಈ ಪರಿಣತಿಯನ್ನು ಪರೀಕ್ಷಿಸಿ ಮಾನ್ಯ ಮಾಡುವ ವೃತ್ತಿಸಂಸ್ಥೆ 1957ರಷ್ಟು ಹಿಂದೆಯೇ ಹುಟ್ಟಿತು. ಇಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಬಹುಕಾಲದಿಂದ ಪ್ರಯೋಗಪ್ರಾಣಿಗಳನ್ನು ಒದಗಿಸಿ ತರಬೇತಿಯನ್ನೂ ಕೊಡುತ್ತ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಹಲವು ಔಷಧ ಕಂಪನಿಗಳಿರುವ ಬೆಂಗಳೂರಿನಲ್ಲಿ, ಹೆಬ್ಬಾಳದ ಪಶುವೈದ್ಯ ಕಾಲೇಜಿನ ಹತ್ತಿರದಲ್ಲೇ ಕಲಿಕೆಗೆ ಬೇಕಾದ ಪ್ರಾಣಿಗೃಹಗಳಿವೆ. ಅಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯೂ, ಈಗಾಗಲೇ ಕೆಲಸದಲ್ಲಿರುವವರಿಗೆ ಡಿಪ್ಲೊಮಾವೂ ನಡೆಯಬೇಕು.

ಪ್ರಾಣಿಪ್ರಯೋಗವೇ ಕಡಿಮೆಯಾಗುವಾಗ ಇದೆಲ್ಲ ಯಾಕೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 2023ರಲ್ಲಿ ಔಷಧ ಪರೀಕ್ಷೆಯ ನಿಯಮಗಳೇ ತಿದ್ದುಪಡಿಯಾಗಿ, ಪ್ರಾಣಿಯಿಲ್ಲದ ವಿಧಾನಗಳಿಗೂ ಅವಕಾಶ ಸಿಕ್ಕಿದೆ. ಆದರೆ ಯಾವ ಪ್ರಯೋಗಕ್ಕೆ ಬದಲಿ ಒದಗುತ್ತದೆ, ಯಾವುದಕ್ಕೆ ಇನ್ನೂ ಇಲ್ಲ ಎಂದು ತೂಗಿ ಹೇಳಲು ಪ್ರಾಣಿಯನ್ನು ಬಲ್ಲವರೇ ಬೇಕು. ಬೆದರಿದ ಇಲಿಯ ರಕ್ತದಲ್ಲಿ ಹಾರ್ಮೋನು ಏರುಪೇರಾಗಿ ಫಲಿತಾಂಶವೂ ಕೆಡುವುದರಿಂದ, ವಿಜ್ಞಾನಿಗೂ ಇದರಲ್ಲಿ ಲಾಭವಿದೆ.

ಪದವಿ ಪಡೆದವರಿಗೆ ಅಧಿಕಾರವೂ ಜೊತೆಗಿರಬೇಕು. ನೋವು ಮಿತಿಮೀರಿದಾಗ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸುವ ಹಕ್ಕು ಪಶುವೈದ್ಯರಿಗಿದೆ ಎಂಬುದನ್ನು ನೇಮಕಾತಿ ಪತ್ರದಲ್ಲೇ ಬರೆದಿರಬೇಕು.