ಕಟ್ಟಿದರೆ ಸಾಲದು, ಕಾಯಬೇಕು



ನಮ್ಮ ಬಳಗದ ಕೂಟಗಳಲ್ಲಿ, ಊಟ ಮುಗಿದು ಹರಟೆ ಕಾವೇರುವ ಹೊತ್ತಿನಲ್ಲಿ, ಈಚೆಗೆ ಒಂದು ಮಾತು ಪದೇಪದೇ ಕೇಳಿಬರುತ್ತಿದೆ: "ನನ್ನ ಮನೆಯ ಕಂಪ್ಯೂಟರಿನಲ್ಲಿ ಓಡುತ್ತಿರುವುದು ನಾನೇ ಕಂಪೈಲ್ ಮಾಡಿದ ಲಿನಕ್ಸ್ ಕರ್ನೆಲ್." ಸಂತೋಷದ ಸಂಗತಿಯೇ. ಆದರೆ "ಅದನ್ನು ಕೊನೆಯ ಬಾರಿ ನವೀಕರಿಸಿದ್ದು ಯಾವಾಗ?" ಎಂದು ಕೇಳಿ ನೋಡಿ; ಮಾತು ಥಟ್ಟನೆ ಇಂಗ್ಲೆಂಡಿನ ಮಳೆಯ ಕಡೆಗೆ ಹೊರಳುತ್ತದೆ. ನನ್ನ ತಕರಾರು ಇರುವುದು ಆ ಜಾಣ ಮರೆವಿನ ಮೇಲೆ.

ಕರ್ನೆಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಪ್ರೊಸೆಸರ್, ಸ್ಮೃತಿ, ಡಿಸ್ಕ್, ಜಾಲ ಇವುಗಳನ್ನೆಲ್ಲ ಯಾವ ತಂತ್ರಾಂಶಕ್ಕೆ ಎಷ್ಟು, ಯಾವಾಗ ಕೊಡಬೇಕೆಂದು ನಿರ್ಧರಿಸುವುದು ಅದೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್ಲಿನ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿರುವುದರಿಂದ, ಅದನ್ನು ಇಳಿಸಿಕೊಂಡು, ಬೇಕಾದುದನ್ನು ಆಯ್ದು, ನಮ್ಮ ಯಂತ್ರಕ್ಕೆ ತಕ್ಕಂತೆ ಕಟ್ಟಿಕೊಳ್ಳುವ ಹಕ್ಕು ನಮಗಿದೆ. ಆ ಹಕ್ಕನ್ನು ನಾನು ಪ್ರಶ್ನಿಸುತ್ತಿಲ್ಲ. ಅದರ ಬೆನ್ನಿಗೇ ಬರುವ ಹೊಣೆಯನ್ನು ಮಾತ್ರ ನೆನಪಿಸುತ್ತಿದ್ದೇನೆ.

ಮೊದಲಿಗೆ ಒಂದು ಭ್ರಮೆ ಕಳಚಲಿ. "ಸ್ವಂತ ಕರ್ನೆಲ್ಲಿನಿಂದ ಕಂಪ್ಯೂಟರ್ ಚುರುಕಾಗುತ್ತದೆ" ಎಂಬುದು ಸಂತೆಯಲ್ಲಿ ಟಾನಿಕ್ ಮಾರುವವನ ಮಾತು. ಡೆಬಿಯನ್, ಉಬುಂಟು, ಫೆಡೋರಾಗಳು ಕೊಡುವ ಕರ್ನೆಲ್ಲಿನಲ್ಲಿ ಬಹುಪಾಲು ಚಾಲಕ ತಂತ್ರಾಂಶಗಳು ಪ್ರತ್ಯೇಕ ಮಾಡ್ಯೂಲುಗಳಾಗಿ ಡಿಸ್ಕಿನಲ್ಲಿ ಮಲಗಿರುತ್ತವೆ. ಅಗತ್ಯಬಿದ್ದುದು ಮಾತ್ರ ಎದ್ದು ಸ್ಮೃತಿಗೆ ಬರುತ್ತದೆ. ಮಲಗಿದ್ದವನ್ನು ಕಿತ್ತೆಸೆದರೆ ಡಿಸ್ಕಿನಲ್ಲಿ ಸ್ವಲ್ಪ ಜಾಗ ಉಳಿದೀತು, ದಿನಬಳಕೆಯ ವೇಗ ಕಣ್ಣಿಗೆ ಕಾಣುವಷ್ಟು ಹೆಚ್ಚದು. ಹೊಸ ವೈಫೈ ಕಾರ್ಡಿಗೆ ಹೊಸ ಚಾಲಕ ಬೇಕಾಗಿದ್ದರೆ, ಒಂದು ತಿದ್ದುಪಡಿಯನ್ನು ಪರೀಕ್ಷಿಸಬೇಕಿದ್ದರೆ, ಅಥವಾ ಯಂತ್ರದ ಒಳಗನ್ನು ಅರಿಯುವ ಹಂಬಲವಿದ್ದರೆ ಅವಶ್ಯವಾಗಿ ಕಟ್ಟಿ. ಇವು ಯೋಗ್ಯ ಕಾರಣಗಳು.

ಆದರೆ ಕಟ್ಟಿದ ಕ್ಷಣದಿಂದ ಏನಾಗುತ್ತದೆ ಎಂಬುದನ್ನು ಗಮನಿಸಿ. ವಿತರಣೆಯವರ ಕರ್ನೆಲ್ ಬಳಸುವಾಗ ಭದ್ರತಾ ತಿದ್ದುಪಡಿಗಳು ಉಳಿದ ನವೀಕರಣಗಳ ಜೊತೆಗೇ ಮನೆ ಬಾಗಿಲಿಗೆ ಬರುತ್ತವೆ. ನೀವೇ ಕಟ್ಟಿದ ಕರ್ನೆಲ್ಲಿಗೆ ಆ ಅಂಚೆ ತಲುಪುವುದಿಲ್ಲ. ಅದರಲ್ಲಿ ದೋಷ ಕಂಡುಬಂದರೆ ಹೊಸ ಮೂಲವನ್ನು ತಂದು ಮತ್ತೆ ಕಟ್ಟಬೇಕಾದವರು ನೀವೇ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲವೆಂದು ಕೈಕಟ್ಟಿ ಕೂರುವಂತಿಲ್ಲ. ಇಲ್ಲಿ ಹುಟ್ಟಿಸಿದವರು ನೀವೇ ಅಲ್ಲವೆ?

ಇದು ಬರಿಯ ಬೆದರಿಕೆಯಲ್ಲ. 'ಡರ್ಟಿ ಕೌ' ಎಂದು ಹೆಸರಾದ ದೋಷವೊಂದು 2007ರಿಂದಲೂ ಲಿನಕ್ಸ್ ಕರ್ನೆಲ್ಲಿನಲ್ಲಿ ಅಡಗಿತ್ತು. ಸಾಮಾನ್ಯ ಬಳಕೆದಾರನೊಬ್ಬ ಯಂತ್ರದ ಸರ್ವಾಧಿಕಾರವನ್ನೇ ಕಸಿದುಕೊಳ್ಳಲು ಅದು ದಾರಿ ಮಾಡಿಕೊಡುತ್ತಿತ್ತು. 2016ರ ಅಕ್ಟೋಬರಿನಲ್ಲಿ ಅದು ಬಯಲಾಗಿ, ತಿದ್ದುಪಡಿಯೂ ಹೊರಬಂದಿತು. ಅಂದಿನ ನಂತರ ನವೀಕರಿಸಿದವರು ಪಾರಾದರು. ಅದಕ್ಕೂ ಮುನ್ನ ಕಟ್ಟಿ, ಹೆಮ್ಮೆಪಟ್ಟು, ಮರೆತುಬಿಟ್ಟವರ ಯಂತ್ರದಲ್ಲಿ ಬಾಗಿಲು ತೆರೆದೇ ಉಳಿಯಿತು. ಅದೂ ಊರಿಗೆಲ್ಲ ಗೊತ್ತಾದ ಬಾಗಿಲು!

ವೈದ್ಯನಾದ ನನಗೆ ಇನ್ನೊಂದು ನಿದರ್ಶನ ಇನ್ನೂ ಹತ್ತಿರದ್ದು. 2017ರ ಮೇ 12ರಂದು 'ವಾನ್ನಾಕ್ರೈ' ದಾಳಿ ಈ ದೇಶದ ಆರೋಗ್ಯ ಸೇವೆಯನ್ನು ತತ್ತರಿಸುವಂತೆ ಮಾಡಿತು. ಇಂಗ್ಲೆಂಡಿನಲ್ಲಿ ಕನಿಷ್ಠ 80 ಟ್ರಸ್ಟ್‌ಗಳು ಬಾಧೆಗೊಳಗಾದವು, ಸಾವಿರಾರು ರೋಗಿಗಳ ಭೇಟಿಗಳು ರದ್ದಾದವು. ಅದು ವಿಂಡೋಸ್ ವ್ಯವಸ್ಥೆಯ ದೋಷವೇ ಹೊರತು ಲಿನಕ್ಸಿನದಲ್ಲ. ಆದರೆ ಪಾಠ ಒಂದೇ: ಮದ್ದು ಆ ವರ್ಷದ ಮಾರ್ಚ್ ತಿಂಗಳಲ್ಲೇ ಬಿಡುಗಡೆಯಾಗಿತ್ತು, ಅದನ್ನು ಹಾಕಿರಲಿಲ್ಲ. ಲಸಿಕೆ ಶೀತಲಪೆಟ್ಟಿಗೆಯಲ್ಲಿದ್ದರೆ ಮಗುವಿಗೆ ರಕ್ಷಣೆ ಸಿಕ್ಕೀತೆ?

"ಇದಕ್ಕೆಲ್ಲ ಸಮಯ ಎಲ್ಲಿದೆ?" ಎನ್ನುವ ಮಿತ್ರರಿಗೆ ನನ್ನ ಉತ್ತರ: ಕಟ್ಟಲು ಸಮಯವಿತ್ತಲ್ಲ! ಮೊದಲ ಸಲಕ್ಕೆ ಹೋಲಿಸಿದರೆ ನವೀಕರಣ ಸುಲಭ. ಕನಿಷ್ಠ ಎರಡು ವರ್ಷ ಪೋಷಣೆ ದೊರೆಯುವ ದೀರ್ಘಾವಧಿ ಶಾಖೆಯೊಂದನ್ನು ಆರಿಸಿಕೊಳ್ಳಿ; 2024ರ ನವೆಂಬರಿನಲ್ಲಿ ಬಂದ 6.12 ಅಂಥದ್ದು. ಪ್ರಧಾನ ಆವೃತ್ತಿಗಳು ಒಂಬತ್ತು-ಹತ್ತು ವಾರಗಳಿಗೊಮ್ಮೆ ಹೊರಡುತ್ತವೆ, ಅವುಗಳ ಬೆನ್ನು ಹತ್ತುವ ಅಗತ್ಯವಿಲ್ಲ. ನಿಮ್ಮ ಹಳೆಯ 'ಡಾಟ್ ಕಾನ್ಫಿಗ್' ಕಡತವನ್ನು ಹೊಸ ಮೂಲದೊಳಗೆ ಇರಿಸಿ 'ಮೇಕ್ ಓಲ್ಡ್‌ಕಾನ್ಫಿಗ್' ಎಂದರೆ ಹೊಸದಾಗಿ ಸೇರಿದ ಆಯ್ಕೆಗಳ ಬಗ್ಗೆ ಮಾತ್ರ ಪ್ರಶ್ನೆ ಬರುತ್ತದೆ. ಬಳಿಕ 'ಮೇಕ್', 'ಮೇಕ್ ಮಾಡ್ಯೂಲ್ಸ್ ಇನ್‌ಸ್ಟಾಲ್', 'ಮೇಕ್ ಇನ್‌ಸ್ಟಾಲ್'. ಹಳೆಯ ಕರ್ನೆಲ್ಲನ್ನು ಮಾತ್ರ ಅಳಿಸಬೇಡಿ: ಹೊಸದು ಮುನಿಸಿಕೊಂಡರೆ ಗ್ರಬ್ ಪಟ್ಟಿಯಿಂದ ಹಳೆಯದನ್ನೇ ಕರೆಯಬಹುದು. 'ಮೇಕ್ ಲೋಕಲ್‌ಮಾಡ್‌ಕಾನ್ಫಿಗ್' ಬಳಸುವವರು ಇನ್ನಷ್ಟು ಎಚ್ಚರದಿಂದಿರಿ. ಆ ಗಳಿಗೆಯಲ್ಲಿ ಎಚ್ಚರವಾಗಿರುವ ಮಾಡ್ಯೂಲುಗಳನ್ನಷ್ಟೇ ಅದು ಉಳಿಸಿಕೊಳ್ಳುತ್ತದೆ. ಅಂದು ಜೋಡಿಸದಿದ್ದ ಸಾಧನ ನಾಳೆ ಕೆಲಸ ಮಾಡದೆ ಹೋದೀತು. ಸ್ವಂತ ಕರ್ನೆಲ್ಲಿಗೆ ಸಹಿಯಿಲ್ಲವೆಂದು ಸೆಕ್ಯೂರ್ ಬೂಟನ್ನು ಶಾಶ್ವತವಾಗಿ ಆರಿಸಿಬಿಡುವುದೂ ತರವಲ್ಲ. ನಿಮ್ಮದೇ ಕೀಲಿಯನ್ನು ನೋಂದಾಯಿಸಿ ಸಹಿ ಮಾಡುವ ಮಾರ್ಗವಿದೆ.

ಇಷ್ಟಕ್ಕೂ ಮನಸ್ಸಿಲ್ಲದಿದ್ದರೆ ವಿತರಣೆಯವರ ಕರ್ನೆಲ್ಲಿಗೆ ಮರಳಿ. ಅದು ಸೋಲಲ್ಲ, ಅದನ್ನು ದಿನವೂ ಕಾಯುವ ಪರಿಣತರು ಅಲ್ಲಿದ್ದಾರೆ. ಸೋಲು ಇರುವುದು ಹೆಮ್ಮೆಯನ್ನು ಇಟ್ಟುಕೊಂಡು ಹೊಣೆಯನ್ನು ಬಿಟ್ಟುಬಿಡುವುದರಲ್ಲಿ. ಆ ಯಂತ್ರದಲ್ಲಿ ನಮ್ಮ ಬ್ಯಾಂಕಿನ ವ್ಯವಹಾರವಿದೆ, ಮಕ್ಕಳ ಚಿತ್ರಗಳಿವೆ, ಊರಿನಲ್ಲಿರುವ ಅಪ್ಪ-ಅಮ್ಮನ ವೈದ್ಯಕೀಯ ವರದಿಗಳಿವೆ. ನಮ್ಮ ಹವ್ಯಾಸದ ಬೆಲೆಯನ್ನು ಅವರು ತೆರುವಂತಾಗಬಾರದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡರಲ್ಲೂ ನಿಜವಾದ ಪರೀಕ್ಷೆ ಶುರುವಾಗುವುದು ನೆಂಟರೆಲ್ಲ ಹೊರಟುಹೋದ ಮೇಲೆ. ಇಂದು ರಾತ್ರಿ ಟರ್ಮಿನಲ್ ತೆರೆದು 'ಯುನೇಮ್ ಹೈಫನ್ ಆರ್' ಎಂದು ಟೈಪಿಸಿ, ಬರುವ ಸಂಖ್ಯೆಯನ್ನು ಕರ್ನೆಲ್ ಡಾಟ್ ಆರ್ಗ್ ತಾಣದ ಪಟ್ಟಿಯೊಡನೆ ಹೋಲಿಸಿ ನೋಡಿ. ನಿಮ್ಮ ಶಾಖೆ ಅಲ್ಲಿಲ್ಲವೆಂದಾದರೆ, ಮುಂದಿನ ಕೂಟದಲ್ಲಿ ಆ ಕರ್ನೆಲ್ಲಿನ ಬಡಾಯಿಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟು ಬನ್ನಿ.